ಅಮ್ಮನ ಜೊತೆ ಬಾರ್ಸಿಲೋನಾ, ಎರಡೇ ದಿನ: ಗೋಪುರದ ಟಿಕೆಟ್ ತಗೋಬೇಕಾ?

ಕರಾವಳಿ_ಹುಡುಗಿ: ನವೆಂಬರಲ್ಲಿ ಹೊರಟಿದ್ದೀವಿ. ಅಮ್ಮನಿಗೆ ಮಂಡಿ ನೋವು. ಸಗ್ರಾದಾ ಫಮೀಲಿಯಾ ಚರ್ಚಿನ ಗೋಪುರ ಹತ್ತಬಹುದಾ? ಓಡಾಟಕ್ಕೆ ಯಾವ ಕಾರ್ಡ್? ಹೋಗಿ ಬಂದವರು ಹೇಳಿ.

ಬಣ್ಣದಗಾಜು: ಗೋಪುರಕ್ಕೆ ದುಡ್ಡು ಹಾಕ್ಲೇಬೇಡಿ. ಲಿಫ್ಟ್ ಹತ್ತೋಕೆ ಮಾತ್ರ. ಇಳಿಯೋದು ಇಕ್ಕಟ್ಟಾದ ಸುರುಳಿ ಮೆಟ್ಟಿಲಲ್ಲಿ, ನೂರಾರು ಮೆಟ್ಟಿಲು. ಗಾಳಿ ಜೋರಾದ್ರೆ ಮುಚ್ಚಿಬಿಡ್ತಾರೆ. ಕೊಟ್ಟ ಕಾಸಿಗೆ ಬೆಲೆ ಸಿಗೋದು ಒಳಗಿನ ಬೆಳಕಿನಲ್ಲಿ. ಪೂರ್ವದ ಗಾಜು ನೀಲಿ-ಹಸಿರು, ಪಶ್ಚಿಮದ್ದು ಕೆಂಪು-ಕಿತ್ತಳೆ. ನವೆಂಬರಲ್ಲಿ ಐದೂವರೆಗೆಲ್ಲ ಸೂರ್ಯ ಮುಳುಗೋದ್ರಿಂದ ಮಧ್ಯಾಹ್ನ ಮೂರರ ಸ್ಲಾಟ್ ಹಿಡೀರಿ. ಕಂಬಗಳಿಗೆ ಕೆಂಡದ ಬಣ್ಣ ಬಂದಿರುತ್ತೆ.

ಪೈಸಾಲೆಕ್ಕ: ಮೆಟ್ರೋ-ಬಸ್ಸಿಗೆ ಎಲ್ಲರೂ ಟಿ-ಕ್ಯಾಶುವಲ್ ಕಾರ್ಡ್ ಅಂತಾರೆ, ಅದು ಒಬ್ಬರಿಗೇ. ಕೈಯಿಂದ ಕೈಗೆ ದಾಟಿಸಿದ್ರೆ ದಂಡ. 2024ರ ದರ ನೋಡಿ: ಟಿ-ಕ್ಯಾಶುವಲ್ 10 ಸವಾರಿಗೆ 12.15 ಯೂರೋ, ಇಬ್ಬರಿಗೆ 24.30. ಟಿ-ಫ್ಯಾಮಿಲಿಯಾರ್ 8 ಸವಾರಿಗೆ 10.70, ಇಬ್ಬರೂ ಹಂಚಿಕೊಳ್ಳಬಹುದು, 30 ದಿನ ನಡೆಯುತ್ತೆ. ಎರಡು ತಗೊಂಡ್ರೂ 21.40. ಆದರೆ ಮೆಟ್ರೋದಿಂದ ಬಸ್ಸಿಗೆ ಬದಲಾಯಿಸುವಾಗ ಮತ್ತೆ ತಲೆಗೊಂದು ಸಲ ಕಾರ್ಡನ್ನ ಯಂತ್ರಕ್ಕೆ ತಾಗಿಸಬೇಕು, ಇಲ್ಲೇ ಜನ ಎಡವೋದು.

ತುಂಗಾತೀರ: ಸಾರ್, ಎರಡು ಕ್ಯಾಶುವಲ್ಲಿಗೆ 20 ಸವಾರಿ, ನಿಮ್ಮದಕ್ಕೆ 16. ಒಂದೊಂದು ಸವಾರಿಗೆ ಕ್ಯಾಶುವಲ್ಲೇ ಅಗ್ಗ!

ಪೈಸಾಲೆಕ್ಕ: ಎರಡು ದಿನದಲ್ಲಿ ಮಂಡಿ ನೋವಿನವರು ಹತ್ತು ಸಲ ಹತ್ತಿಳೀತಾರಾ? ಮಿಕ್ಕಿದ್ದು ಕಸದ ಬುಟ್ಟಿಗೆ. ಇನ್ನು ಕ್ಯಾಶುವಲ್ ಏರ್‌ಪೋರ್ಟ್ ಮೆಟ್ರೋಗೆ ನಡೆಯಲ್ಲ. ಟರ್ಮಿನಲ್ 2ರ ಆರ್2 ನಾರ್ಡ್ ರೈಲಿಗೆ ನಡೆಯುತ್ತೆ. ಇದನ್ನ ಯಾಕೆ ಯಾರೂ ಹೇಳಲ್ಲ?

ಹಳೇಕಲ್ಲು: ಬರೀ ಸಗ್ರಾದಾದ ಶಿಲ್ಪಿ ಗೌಡಿ, ಬರೀ ಕಾರ್ಡು! ಊರಿಗೆ ಎರಡು ಸಾವಿರ ವರ್ಷ ಆಗಿದೆ ಮಾರಾಯ್ರೆ. ಪ್ಲಾಸಾ ದೆಲ್ ರೇ ಚೌಕದ ಕೆಳಗೆ ರೋಮನ್ನರ ಊರು ಬಾರ್ಸಿನೋ ಹಾಗೇ ಇದೆ, ಈಗ ಮ್ಯೂಸಿಯಂ. 1931ರಲ್ಲಿ ಹಳೇ ಅರಮನೆಯೊಂದನ್ನ ಕಲ್ಲುಕಲ್ಲಾಗಿ ಬಿಚ್ಚಿ ಅಲ್ಲಿಗೆ ತರುವಾಗ ಸಿಕ್ಕಿದ್ದು. ಮೀನು ಉಪ್ಪಲ್ಲಿ ಕೊಳೆಸಿ ಗಾರಂ ರಸ ಮಾಡ್ತಿದ್ದ ತೊಟ್ಟಿಗಳು, ಬಣ್ಣಗಾರರ ತೊಟ್ಟಿಯ ತಳದಲ್ಲಿ ಇನ್ನೂ ಅಂಟಿರೋ ನೀಲಿ, ವೈನಿನ ಗುಡಾಣ. ಕೆಳಗಿಳಿಯೋಕೆ ಲಿಫ್ಟ್ ಇದೆ. ಸೋಮವಾರ ರಜೆ. ಪಕ್ಕದ ಪರಾದೀಸ್ ಬೀದಿಯ ಅಂಗಳದಲ್ಲಿ ರೋಮನ್ ದೊರೆ ಅಗಸ್ಟಸ್ ಗುಡಿಯ ನಾಲ್ಕು ಕಂಬ, ಪುಕ್ಕಟೆ.

ಬಣ್ಣದಗಾಜು: ಹಳೇದು ಅಂತೀರಲ್ಲ, ಬಿಸ್ಬೆ ಬೀದಿಯ ಆ 'ಗಾಥಿಕ್' ಸೇತುವೆ ಕಟ್ಟಿದ್ದು 1928ರಲ್ಲಿ. ಜನಕ್ಕೆ ಅದನ್ನೂ ಮಧ್ಯಯುಗದ್ದು ಅಂತ ತೋರಿಸ್ತಾರೆ.

ಹಳೇಕಲ್ಲು: ಸೇತುವೆ ಮಾತು ನಾನೆಲ್ಲಿ ಆಡಿದೆ? ಸಾಂತಾ ಮಾರಿಯಾ ದೆಲ್ ಮಾರ್ ಚರ್ಚ್ ನೋಡಿ: 1329ಕ್ಕೆ ಶುರು, 1383ಕ್ಕೆ ಮುಗಿಯಿತು. ಬಂದರಿನ ಹಮಾಲರು ಮೊಂಜುಯಿಕ್ ಗುಡ್ಡದ ಕಲ್ಲು ಬೆನ್ನ ಮೇಲೆ ಹೊತ್ತು ತಂದರು. ದೊಡ್ಡ ಬಾಗಿಲಲ್ಲಿ ಅವರ ಪುಟ್ಟ ಕಂಚಿನ ಮೂರ್ತಿಗಳಿವೆ, ಬಾಗಿದ ಬೆನ್ನು, ಮೇಲೆ ಕಲ್ಲು. ನಿಮ್ಮ ಸಗ್ರಾದಾ 1882ಕ್ಕೆ ಶುರುವಾಗಿ, 1926ರಲ್ಲಿ ಗೌಡಿ ತೀರಿಕೊಂಡಾಗ ಮುಗಿದಿದ್ದು ಒಂದೇ ಗೋಪುರ.

ಬಣ್ಣದಗಾಜು: ಬೇಗ ಕಟ್ಟಿದ್ದೇ ದೊಡ್ಡಸ್ತಿಕೆಯಾ ಸ್ವಾಮಿ?

ತುಂಗಾತೀರ: ಜಗಳ ಆಮೇಲೆ ಆಡ್ರಿ. ಪಾರ್ಕ್ ಗ್ವೆಲ್‌ಗೆ ಲೆಸ್ಸೆಪ್ಸ್ ಮೆಟ್ರೋದಿಂದ ನಡೆದ್ರೆ ಕಡಿದಾದ ಏರು. ಬಸ್ 24 ಹಿಡಿದು ಕಾರ್ಮೆಲ್ ಕಡೆ ಗೇಟಲ್ಲಿ ಇಳೀರಿ, ಅಮ್ಮನಿಗೆ ಏರು ತಪ್ಪುತ್ತೆ.