ಅಪ್‌ಡೇಟ್: ಅಮ್ಮನ ಗೃಹಲಕ್ಷ್ಮಿ ಹಣ ಕೊನೆಗೂ ಸಿಕ್ಕಿತು

ಅಮ್ಮನ ಗೃಹಲಕ್ಷ್ಮಿ ಅರ್ಜಿ ಮಂಜೂರಾಗಿದೆ, ತಿಂಗಳ 2000 ರೂಪಾಯಿ ಮಾತ್ರ ಪಾಸ್‌ಬುಕ್‌ನಲ್ಲಿ ಕಾಣುತ್ತಲೇ ಇಲ್ಲ, ಏನು ಮಾಡೋದು ಅಂತ ಇಲ್ಲಿ ಮೊದಲು ಕೇಳಿದ್ದೆ. ಹಣ ಸಿಕ್ಕಿತು!

ಬೆಂಗಳೂರು ಒನ್ ಸೇವಾ ಕೇಂದ್ರದಲ್ಲಿ ಮತ್ತೆ ಅರ್ಜಿ ಹಾಕಿ ಅಂತ ಕೆಲವರು ಅಂದಿದ್ದರಲ್ಲ, ಅದು ಆಗಲಿಲ್ಲ. ಈ ರೇಷನ್ ಕಾರ್ಡಿಗೆ ಅರ್ಜಿ ಆಗಲೇ ಇದೆ ಅಂದರು ಅಲ್ಲಿಯವರು. ಇ-ಕೆವೈಸಿ (ಆಧಾರ್ ಮೂಲಕ ಗುರುತಿನ ಪರಿಶೀಲನೆ) ಮೊದಲೇ ಮುಗಿದಿತ್ತು, ಹಾಗಾಗಿ ತೊಂದರೆ ಅದೂ ಅಲ್ಲ.

ಕೆಲಸಕ್ಕೆ ಬಂದದ್ದು, ಆಧಾರ್ ಸೀಡಿಂಗ್ (ಸರ್ಕಾರಿ ಹಣ ಬೀಳಲು ಆಧಾರನ್ನು ಖಾತೆಗೆ ಜೋಡಿಸುವುದು) ಯಾವ ಬ್ಯಾಂಕಿಗೆ ಆಗಿದೆ ನೋಡಿ ಅಂದ ಅಕ್ಕನ ಮಾತು. ಮೈಆಧಾರ್ ವೆಬ್‌ಸೈಟಿನಲ್ಲಿ ಓಟಿಪಿ ಹಾಕಿ 'ಬ್ಯಾಂಕ್ ಸೀಡಿಂಗ್ ಸ್ಟೇಟಸ್' ಒತ್ತಿದೆ. ಬಂದದ್ದು ಊರಲ್ಲಿದ್ದಾಗ ಗ್ಯಾಸ್ ಸಬ್ಸಿಡಿಗೆ ಅಂತ ತೆರೆದಿದ್ದ ಹಳೇ ಖಾತೆಯ ಬ್ಯಾಂಕ್! ಅಮ್ಮ ಅದನ್ನು ಮರೆತೇಬಿಟ್ಟಿದ್ದರು. ಕಂತುಗಳೆಲ್ಲ ಅಲ್ಲೇ ಸುಮ್ನೆ ಕೂತಿದ್ದವು. ಈಗ ಹೊಸ ಮಿಕ್ಸಿ ಬೇಕಂತೆ.

ನನಗೆ ಗೊತ್ತೇ ಇರದ ವಿಷಯ ಒಂದಿದೆ. ಆಧಾರ್ ಎಷ್ಟೋ ಖಾತೆಗಳಿಗೆ ಲಿಂಕ್ ಇರಬಹುದು, ಆದರೆ ಆಧಾರ್ ಮೂಲಕ ಬರುವ ಸರ್ಕಾರಿ ಹಣ ಎನ್‌ಪಿಸಿಐ (ಬ್ಯಾಂಕುಗಳ ನಡುವಿನ ಪಾವತಿ ನೋಡಿಕೊಳ್ಳುವ ಸಂಸ್ಥೆ) ಮ್ಯಾಪಿಂಗ್, ಅಂದರೆ ಈ ಸೀಡಿಂಗ್, ಇರುವ ಒಂದೇ ಖಾತೆಗೆ ಹೋಗುತ್ತದೆ. ಬ್ಯಾಂಕಿನಲ್ಲಿ ಬರೀ 'ಲಿಂಕ್ ಆಗಿದ್ಯಾ' ಅಂತ ಕೇಳಿದರೆ ಆಗಿದೆ ಅಂತ ಕಳಿಸಿಬಿಡುತ್ತಾರೆ. 'ಡಿಬಿಟಿ ಸೀಡಿಂಗ್' (ಡಿಬಿಟಿ ಅಂದರೆ ಸರ್ಕಾರಿ ಹಣ ನೇರ ಖಾತೆಗೆ ಬರುವುದು) ಅಂತಲೇ ಕೇಳಿ, ಫಾರಂ ಕೊಡುತ್ತಾರೆ. ನಾವೂ ಮನೆ ಹತ್ತಿರದ ಶಾಖೆಗೆ ಬದಲಿಸಲು ಕೊಟ್ಟಿದ್ದೇವೆ. ಹಣ ಯಾವ ಖಾತೆಗೆ ಬಿತ್ತು ಅಂತ ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲೂ ನೋಡಬಹುದು.