ಆರು ಸ್ಟಡ್‌ನ ಪಿಕಪ್‌ಗೆ ಐದು ತೂತಿನ ವೀಲ್ ಕೂರುತ್ತಾ?

ಪ್ರಶ್ನೆ (ಮಂಡ್ಯ): ಇಸುಜು ಡಿ-ಮ್ಯಾಕ್ಸ್ ಪಿಕಪ್, ಸಸ್ಪೆನ್ಷನ್ 2 ಇಂಚು ತಗ್ಗಿಸಿದೆ. ಹಬ್ (ವೀಲ್ ಕೂರೋ ಭಾಗ) 6×139.7, ಅಂದ್ರೆ ಆರು ಸ್ಟಡ್ (ವೀಲ್ ಬೋಲ್ಟ್), ಅವು ನಿಂತ ವೃತ್ತದ ವ್ಯಾಸ 139.7 ಮಿ.ಮೀ. ಸಿಕ್ಕಿರೋ ಅಲಾಯ್ ವೀಲ್ 5×150. ಹಬ್ ಕೊರೆಸಲಾ, ಅಡಾಪ್ಟರ್ ಹಾಕಲಾ?

ಉತ್ತರ (ಮೈಸೂರು): ಕೊರೆಸ್ಬೇಡಿ ಅಣ್ಣ. ಹೊಸ ತೂತು ಹಳೇದಕ್ಕೆ ತಾಗುತ್ತೆ, ನಡುವೆ ಲೋಹವೇ ಉಳಿಯಲ್ಲ. 32 ಮಿ.ಮೀ. ದಪ್ಪದ ಅಡಾಪ್ಟರ್ (ಹಬ್ಬಿಗೂ ವೀಲಿಗೂ ನಡುವೆ ಹಾಕೋ ಬಿಲ್ಲೆ) ತಗೊಳ್ಳಿ, ಹಬ್ಬಿನ ಮೂತಿಗೆ ಸರಿಯಾಗಿ ಕೂರೋದು. ಹಳೇ ಸ್ಟಡ್ ಅಡಾಪ್ಟರ್ ಮುಖದಿಂದ ಆಚೆ ಇಣುಕಿದ್ರೆ ವೀಲ್ ಪೂರ್ತಿ ಒರಗಲ್ಲ, ನಟ್ ಸಡಿಲ ಆಗುತ್ತೆ. ಮೊದಲು ತುಕ್ಕು ಉಜ್ಜಿ ತೆಗೀರಿ. ಟಾರ್ಕ್ ರೆಂಚಲ್ಲೇ (ಬಿಗಿತ ಅಳೆಯೋ ಸ್ಪ್ಯಾನರ್) ಬಿಗೀರಿ, ಏರ್ ಗನ್ ಬೇಡ. 80 ಕಿ.ಮೀ. ಓಡಿಸಿ, ವೀಲ್ ಬಿಚ್ಚಿ ಒಳಗೆ ಅಡಾಪ್ಟರ್ ಹಿಡಿದ ನಟ್ಟೂ ಬಿಗಿ ಇದ್ಯಾ ನೋಡಿ. ಇದನ್ನೇ ಎಲ್ಲರೂ ಮರೆಯೋದು.

ಇನ್ನೊಂದು: ಅಲಾಯ್ ಅಳೆದ್ರಾ? ಪಕ್ಕಪಕ್ಕದ ತೂತುಗಳ ನಡುಮಧ್ಯ 88.2 ಮಿ.ಮೀ. ಬಂದ್ರೆ ಮಾತ್ರ 150. ಆಫ್‌ಸೆಟ್ (ವೀಲಿನ ನಡುಗೆರೆಯಿಂದ ಹಬ್ಬಿಗೆ ಒರಗೋ ಮುಖಕ್ಕಿರೋ ದೂರ) 60 ಮಿ.ಮೀ. ಇದ್ರೆ, ಅಡಾಪ್ಟರಿನ 32 ಕಳೆದು 28ಕ್ಕೆ ಇಳಿಯುತ್ತೆ, ವೀಲ್ ಅಷ್ಟು ಆಚೆ ಬರುತ್ತೆ. ಇಳಿಸಿದ ಗಾಡಿ, ಲೋಡ್ ಹಾಕಿ ಗುಂಡಿಗೆ ಬಿದ್ರೆ ಫೆಂಡರ್ ಅಂಚು ಟೈರ್ ಕೊಯ್ಯುತ್ತೆ.