ಚಕ್ ಟೇಲರ್ ಲೋ-ಟಾಪ್: ಅಗಲ ಪಾದದವರಿಗೆ ಆಗುತ್ತದಾ?

ಪ್ರಶ್ನೆ
ಕನ್ವರ್ಸ್ ಕಂಪನಿಯ ಚಕ್ ಟೇಲರ್ ಲೋ-ಟಾಪ್ ಶೂ ತಗೋಬೇಕು ಅಂತ ತುಂಬಾ ದಿನದ ಆಸೆ. ಕಪ್ಪು ಕ್ಯಾನ್ವಾಸಿನದು. ಆದರೆ ನನ್ನ ಪಾದ ಅಗಲ. ಬೇರೆ ಶೂಗಳಲ್ಲಿ ನನ್ನ ಸೈಜ್ 8. ಇದರಲ್ಲಿ 8 ಹಾಕಿದರೆ ಮುಂದೆ ಜಾಗ ಉಳಿಯುತ್ತದೆ, 7 ಹಾಕಿದರೆ ಕಿರುಬೆರಳು ಒತ್ತುತ್ತದೆ. ದಿನಾ ಅರ್ಧ ಗಂಟೆ ಮೆಟ್ರೋ ಸ್ಟೇಷನ್ನಿಗೆ ನಡೆಯಬೇಕು. ಏನು ಮಾಡಲಿ?

ಉತ್ತರ 1
ನನ್ನದೂ ಅಗಲ ಪಾದವೇ. ಈಗ ಹಾಕುತ್ತಿರುವುದು ಮೂರನೇ ಜೊತೆ. ಚಕ್ ಸ್ವಲ್ಪ ದೊಡ್ಡದಾಗಿಯೇ ಬರುತ್ತದೆ, ಹಾಗಾಗಿ 7.5 ಕೇಳಿ. ಸಂಜೆ ಹೋಗಿ ಹಾಕಿ ನೋಡಿ, ಆ ಹೊತ್ತಿಗೆ ಕಾಲು ಸ್ವಲ್ಪ ಊದಿರುತ್ತದೆ. ಪಕ್ಕದ ಬಟ್ಟೆ ಹಾಕ್ತಾ ಹಾಕ್ತಾ ಸಡಿಲವಾಗುತ್ತದೆ, ಆದರೆ ಮುಂದಿನ ಬಿಳಿ ರಬ್ಬರ್ ಟೋಪಿ ಒಂದು ಚೂರೂ ಹಿಗ್ಗುವುದಿಲ್ಲ. ಕಿರುಬೆರಳು ಅದಕ್ಕೆ ತಾಗಿದರೆ ಆ ಸೈಜ್ ಬೇಡವೇ ಬೇಡ. ನಾನು ಮೊದಲ ಜೊತೆಯಲ್ಲಿ ಹಟ ಹಿಡಿದು 7 ತಗೊಂಡು, ಎರಡು ತಿಂಗಳು ಬೆರಳಿಗೆ ಬ್ಯಾಂಡೇಜ್ ಸುತ್ತಿಕೊಂಡು ಓಡಾಡಿದೆ.

ಲೇಸಿನಲ್ಲೂ ಒಂದು ಉಪಾಯ ಇದೆ. ಬೆರಳಿನ ಕಡೆಯ ಮೊದಲ ಜೋಡಿ ತೂತು ಬಿಟ್ಟು, ಎರಡನೆಯದರಿಂದ ಕಟ್ಟಿ. ಪಾದದ ಅಗಲ ಭಾಗಕ್ಕೆ ಉಸಿರಾಡಲು ಜಾಗ ಸಿಗುತ್ತದೆ. ಮೇಲಿನ ತೂತುಗಳಲ್ಲಿ ಬಿಗಿ ಮಾಡಿ, ಇಲ್ಲದಿದ್ದರೆ ಹಿಮ್ಮಡಿ ಎದ್ದೆದ್ದು ಬರುತ್ತದೆ.

ಉತ್ತರ 2
ಅರ್ಧ ಗಂಟೆ ನಡಿಗೆ ಅಂದಿರಲ್ವಾ, ಅದನ್ನೂ ಯೋಚಿಸಿ. ಇದು 1917ರಲ್ಲಿ ಬಂದ ಬ್ಯಾಸ್ಕೆಟ್‌ಬಾಲ್ ಶೂ. ಕಣಕಾಲು ಮುಚ್ಚದ ಲೋ-ಟಾಪ್ ಸೇರಿದ್ದು 1957ರಲ್ಲಿ. ಒಳಗಿನ ಅಡಿ ಇವತ್ತಿಗೂ ಚಪ್ಪಟೆಯೇ. ದುಡ್ಡು ಸ್ವಲ್ಪ ಜಾಸ್ತಿಯಾದರೂ ಇದರದೇ ಇನ್ನೊಂದು ಮಾದರಿ ಚಕ್ 70 ನೋಡಿ: ಕ್ಯಾನ್ವಾಸ್ ದಪ್ಪ, ಒಳಗೆ ಮೆತ್ತೆ ಇದೆ, ಪಕ್ಕದ ರಬ್ಬರ್ ಪಟ್ಟಿ ಎತ್ತರ, ಕೆನೆ ಬಣ್ಣ. ನನಗಂತೂ ನೋಡಲು ಅದೇ ಚೆಂದ.

ಪ್ರಶ್ನೆ ಕೇಳಿದವರು
ಥ್ಯಾಂಕ್ಸ್. ಮಳೆಗಾಲಕ್ಕೆ ಹೇಗೆ?

ಉತ್ತರ 1
ಕಷ್ಟ. ಒಳಪಕ್ಕದಲ್ಲಿ ಗಾಳಿಗೆಂದು ಎರಡು ತೂತು ಇವೆಯಲ್ಲ, ನೀರು ಮೊದಲು ಅಲ್ಲಿಂದಲೇ ಒಳಗೆ ಬರುತ್ತದೆ. ನೆನೆದರೆ ಬಿಸಿಲಿಗೆ ಇಡಬೇಡಿ, ರಬ್ಬರ್ ಹಳದಿಯಾಗುತ್ತದೆ. ಹಳೇ ಪೇಪರ್ ತುಂಬಿ ಫ್ಯಾನ್ ಕೆಳಗಿಡಿ, ಒದ್ದೆ ಪೇಪರ್ ಒಂದೆರಡು ಸಲ ಬದಲಿಸಿ.